ಹದಿಮೂರೂವರೆ ಪಂದ್ಯ ಹಿಂದಿದ್ದ ತಂಡ

ಪ್ರಶ್ನೆ: 1951ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ಎಂಬ ಬೇಸ್‌ಬಾಲ್ ತಂಡ ಹದಿಮೂರೂವರೆ ಪಂದ್ಯ ಹಿಂದಿದ್ದೂ ಲೀಗ್ ಗೆದ್ದಿತೆಂದು ಅಮೆರಿಕದಲ್ಲಿರುವ ನಮ್ಮ ಅಳಿಯ ಹೇಳುತ್ತಾರೆ. ನಮ್ಮ ಕಡೆಯ ಕ್ರಿಕೆಟ್ ಟೂರ್ನಿಗಳಲ್ಲಿ ಅಂಕಗಳ ಲೆಕ್ಕವಷ್ಟೇ ಗೊತ್ತು. ಅರ್ಧ ಪಂದ್ಯವೆಂದರೇನು? ಅದು ಮೋಸದ ಗೆಲುವಂತೆ, ನಿಜವೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಎರಡು ತಂಡಗಳ ಗೆಲುವಿನ ಅಂತರಕ್ಕೆ ಸೋಲಿನ ಅಂತರವನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ. ಆಗಸ್ಟ್ 11ರಂದು ಬ್ರೂಕ್ಲಿನ್ ಡಾಡ್ಜರ್ಸ್ ಆ ದಿನದ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು ಗೆದ್ದಾಗ ಅವರ ಖಾತೆಯಲ್ಲಿ 70 ಗೆಲುವು, 35 ಸೋಲು ಇದ್ದವು. ಜೈಂಟ್ಸ್‌ನದು 59 ಗೆಲುವು, 51 ಸೋಲು. ಹನ್ನೊಂದಕ್ಕೆ ಹದಿನಾರು ಸೇರಿಸಿ ಅರ್ಧ ಮಾಡಿ ನೋಡಿ.

ಅಲ್ಲಿಂದ ಮುಂದೆ ಜೈಂಟ್ಸ್ 44 ಪಂದ್ಯಗಳಲ್ಲಿ 37ನ್ನು ಗೆದ್ದಿತು. 154 ಪಂದ್ಯಗಳು ಮುಗಿದಾಗ ಎರಡೂ ತಂಡಗಳು 96 ಗೆಲುವಿನೊಂದಿಗೆ ಸಮನಾಗಿ ನಿಂತಿದ್ದರಿಂದ ಮೂರು ಪಂದ್ಯಗಳ ನಿರ್ಣಾಯಕ ಸರಣಿ ಆಡಿಸಬೇಕಾಯಿತು. ಮೊದಲೆರಡರಲ್ಲಿ ತಲಾ ಒಂದು ಗೆಲುವು.

ಅಕ್ಟೋಬರ್ 3ರಂದು ಜೈಂಟ್ಸ್‌ನ ಸ್ವಂತ ಮೈದಾನವಾದ ಪೋಲೋ ಗ್ರೌಂಡ್ಸ್‌ನಲ್ಲಿ ನಡೆದ ಮೂರನೆಯ ಪಂದ್ಯದ ಒಂಬತ್ತನೆಯ, ಅಂದರೆ ಕೊನೆಯ ಇನ್ನಿಂಗ್ಸ್ ಆರಂಭವಾದಾಗ ಡಾಡ್ಜರ್ಸ್ 4–1ರಿಂದ ಮುಂದಿತ್ತು. ಜೈಂಟ್ಸ್ ಒಂದು ರನ್ ಗಳಿಸಿ, ಇನ್ನಿಬ್ಬರನ್ನು ರನ್‌ಗಾಗಿ ಸುತ್ತಬೇಕಾದ ಬೇಸ್‌ಗಳಲ್ಲಿ ನಿಲ್ಲಿಸಿಕೊಂಡಿದ್ದಾಗ ಡಾಡ್ಜರ್ಸ್‌ನ ರಾಲ್ಫ್ ಬ್ರಾಂಕಾ ಎಸೆಯಲು ಬಂದರು. ಅವರ ಎರಡನೆಯ ಎಸೆತವನ್ನು ಬಾಬಿ ಥಾಮ್ಸನ್ ಎಡಗಡೆಯ ಪ್ರೇಕ್ಷಕರ ಗ್ಯಾಲರಿಗೆ ಅಟ್ಟಿದರು. ಮೂರು ರನ್ ಒಮ್ಮೆಗೇ ಬಂದು 5–4ರಲ್ಲಿ ಆಟ ಮುಗಿಯಿತು. ಎಡಗಡೆಯ ಗೆರೆಯ ತುದಿಯಲ್ಲಿ ಆ ಮೈದಾನದ ಉದ್ದ 279 ಅಡಿ ಮಾತ್ರ. ಶಿವಮೊಗ್ಗದ ನವುಲೆ ಮೈದಾನದಲ್ಲಿ ಸಿಕ್ಸರ್ ನೋಡಿದವರಿಗೆ ಹೇಳುವುದಾದರೆ, ಕ್ರಿಕೆಟ್ ನಿಯಮ ಒಪ್ಪುವ ಅತಿ ದೂರದ ಬೌಂಡರಿಗಿಂತ ಇದು ಕೇವಲ ಒಂಬತ್ತು ಅಡಿ ಹೆಚ್ಚು. ಮುಂದಿನ ಸರದಿಗೆ ಬ್ಯಾಟ್ ಹಿಡಿದು ಕಾಯುತ್ತಿದ್ದವರು ಅದೇ ವರ್ಷ ತಂಡ ಸೇರಿದ್ದ, ಮುಂದೆ ಈ ಆಟದ ದಿಗ್ಗಜರೆನಿಸಿದ ವಿಲ್ಲಿ ಮೇಸ್. ಅನಂತರ ಎರಡು ಲೀಗ್‌ಗಳ ವಿಜೇತರು ಸೆಣಸುವ ವರ್ಲ್ಡ್ ಸೀರೀಸ್‌ನಲ್ಲಿ ಜೈಂಟ್ಸ್ ಯಾಂಕೀಸ್‌ಗೆ ಸೋತಿತು. ಅದನ್ನು ನೆನೆಯುವವರು ಕಡಿಮೆ.

ಇನ್ನು ಮೋಸದ ಮಾತು. ಮೈದಾನದ ಆಚೆ ತುದಿಯ ಕ್ಲಬ್‌ಹೌಸ್‌ನಿಂದ ದೂರದರ್ಶಕದಲ್ಲಿ ಯಾವ ಬಗೆಯ ಎಸೆತ ಹಾಕಬೇಕೆಂದು ಎಸೆಗಾರನಿಗೆ ಸೂಚಿಸುವ ಎದುರಾಳಿ ಕ್ಯಾಚರ್‌ನ ಬೆರಳ ಸನ್ನೆಗಳನ್ನು ನೋಡಿ, ವಿದ್ಯುತ್ ಗಂಟೆಯ ಮೂಲಕ ತಮ್ಮವರಿಗೆ ತಿಳಿಸುತ್ತಿದ್ದುದನ್ನು ಜೈಂಟ್ಸ್ ಆಟಗಾರರಲ್ಲಿ ಕೆಲವರು 2001ರಲ್ಲಿ ಒಪ್ಪಿಕೊಂಡರು. ಆದರೆ ಆ ಎಸೆತದ ಸುಳಿವು ತಮಗೆ ಸಿಕ್ಕಿರಲಿಲ್ಲವೆಂದೇ ಥಾಮ್ಸನ್ ಹೇಳಿದರು. ಹಾಗೆ ಸನ್ನೆ ಕದಿಯುವುದು ತಪ್ಪೆಂಬುದರಲ್ಲಿ ನನಗೆ ಅನುಮಾನವಿಲ್ಲ. ಇಡೀ ಋತುವಿನ ಗೆಲುವನ್ನು ಅದರ ಲೆಕ್ಕಕ್ಕೇ ಬರೆಯಲು ಮಾತ್ರ ಮನಸ್ಸೊಪ್ಪುವುದಿಲ್ಲ. ಲೀಗ್‌ನ ಕೊನೆಯ ದಿನದ 3–2ರ ಗೆಲುವು ಬಂದದ್ದು ಬಾಸ್ಟನ್‌ನಲ್ಲಿ, ನಿರ್ಣಾಯಕ ಸರಣಿಯ ಮೊದಲ ಗೆಲುವು ಡಾಡ್ಜರ್ಸ್‌ನದೇ ಮೈದಾನದಲ್ಲಿ. ದೂರದರ್ಶಕವಿದ್ದ ತಮ್ಮ ಮನೆಯಂಗಳದಲ್ಲೇ ಮರುದಿನ ಜೈಂಟ್ಸ್ 10–0ರಿಂದ ಸೋತಿತ್ತು.