ಹೆಸರು ತಪ್ಪಾದ ಫಲಕ

ಹೋದ ಸಂಚಿಕೆಯ ‘ಸಾಧಕರು’ ಪುಟ ನೋಡಿ ಚಿತ್ರದುರ್ಗ ಜಿಲ್ಲೆಯ ಓದುಗರೊಬ್ಬರು ಮೂರು ಪುಟದ ಪತ್ರ ಬರೆದಿದ್ದಾರೆ. ಅವರ ತಂದೆ ಫೈರ್‌ಮನ್ ಆಗಿ ಅಗ್ನಿಶಾಮಕ ದಳ ಸೇರಿ, 33 ವರ್ಷ ದುಡಿದು, ಲೀಡಿಂಗ್ ಫೈರ್‌ಮನ್ ಆಗಿ ನಿವೃತ್ತರಾದವರು. ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ, ಒಂದು ಫಲಕ ಕೊಟ್ಟರಂತೆ. ಫಲಕದಲ್ಲಿ ಅವರ ಹೆಸರೇ ತಪ್ಪು. “ಅಪ್ಪ ಅದನ್ನು ಟೀವಿ ಪಕ್ಕದಲ್ಲೇ ಇಟ್ಟಿದ್ದಾರೆ. ಮುಖ ಮಾತ್ರ ಗೋಡೆ ಕಡೆಗೆ” ಎಂದು ಬರೆದಿದ್ದಾರೆ. ಕೊನೆಗೆ ನಮಗೊಂದು ಪ್ರಶ್ನೆ: “ನಿಮ್ಮ ಪುಟದಲ್ಲಿ ನಟರು ಬರ್ತಾರೆ, ಉದ್ಯಮಿಗಳು ಬರ್ತಾರೆ. ಬೆಂಕಿ, ನೆರೆ, ಗುಡ್ಡ ಕುಸಿತದಲ್ಲೇ ಇಡೀ ಆಯಸ್ಸು ಕಳೆದವರದ್ದು ಸಾಧನೆ ಅಲ್ವಾ? ಇವರಿಗೆಲ್ಲ ಪದಕ ಕೊಡಿ ಅಂತ ನೀವಾದರೂ ಬರೆಯಬಾರದಾ?”

ಅಮ್ಮಾ, ನಿಮ್ಮ ಪತ್ರ ಓದಿದ ಮೇಲೆ ಐದು ವರ್ಷದ ಹಳೆ ಸಂಚಿಕೆಗಳನ್ನು ಕೆಳಗಿಳಿಸಿ ನೋಡಿದೆ. ಒಬ್ಬರೂ ಇಲ್ಲ. ಅಡುಗೆ ಸ್ಪರ್ಧೆಯಲ್ಲಿ ಗೆದ್ದವರು ಮೂವರಿದ್ದಾರೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಲೆಕ್ಕ ಲೆಕ್ಕವೇ.

2024ರ ಏಪ್ರಿಲ್ ನೆನಪಿದೆಯಲ್ಲ. ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ಕೊಳವೆ ಬಾವಿಗೆ ಬಿತ್ತು. ತಲೆ ಕೆಳಗೆ, ಕಾಲು ಮೇಲೆ. ಕೇಂದ್ರದ ವಿಪತ್ತು ಸ್ಪಂದನಾ ಪಡೆ ಎನ್‌ಡಿಆರ್‌ಎಫ್, ರಾಜ್ಯದ್ದೇ ಆದ ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳದವರೆಲ್ಲ ಸೇರಿ ಪಕ್ಕದಲ್ಲೇ ಗುಂಡಿ ತೋಡಿ, ಅಲ್ಲಿಂದ ಅಡ್ಡಕ್ಕೆ ಕೊರೆದು, ಸುಮಾರು 20 ಗಂಟೆ ಆದಮೇಲೆ ಮಗುವನ್ನು ಜೀವಂತ ಹೊರಗೆ ತಂದರು. ರಾಜ್ಯಕ್ಕೆ ರಾಜ್ಯವೇ ಟೀವಿ ಮುಂದೆ ಕೂತಿತ್ತು. ನಾವೂ ಬರೆದೆವು. ಮಗುವಿನ ಹೆಸರು, ಹರಕೆ ಹೊತ್ತವರ ಹೆಸರು, ಬಂದು ಹೋದ ನಾಯಕರ ಹೆಸರು ಎಲ್ಲ ಹಾಕಿದೆವು. ಗುಂಡಿಯೊಳಗೆ ಇಳಿದವರನ್ನು ಮಾತ್ರ ‘ರಕ್ಷಣಾ ಸಿಬ್ಬಂದಿ’ ಅಂದು ಮುಗಿಸಿದೆವು. ಕಲ್ಲು ಅಡ್ಡ ಬಂದಾಗ ಯಂತ್ರ ನಿಲ್ಲಿಸಿ ಕೈಯಲ್ಲೇ ಕೆತ್ತೋಣ ಅಂತ ತೀರ್ಮಾನ ಮಾಡುವವನೊಬ್ಬ ಇಂಥ ಕಡೆ ಇರಲೇಬೇಕು. ಅದುರಿದರೆ ಮಣ್ಣು ಮಗುವಿನ ಮೇಲೆ ಕುಸಿಯುತ್ತದೆ. ಆ ತೀರ್ಮಾನ ಯಾರದ್ದು ಅಂತ ನಾವು ಕೇಳಲೇ ಇಲ್ಲ.

ಇನ್ನು ಪದಕದ ಮಾತು. ಪದಕ ಇಲ್ಲವೇ ಇಲ್ಲ ಅನ್ನುವ ಹಾಗಿಲ್ಲ. ಅಗ್ನಿಶಾಮಕ ಸೇವೆಯವರಿಗೆ ಪ್ರತಿ ವರ್ಷ ಜನವರಿ 26 ಮತ್ತು ಆಗಸ್ಟ್ 15ಕ್ಕೆ ರಾಷ್ಟ್ರಪತಿ ಪದಕ ಘೋಷಣೆಯಾಗುತ್ತದೆ. ಕೇಂದ್ರ ಸರ್ಕಾರ ಸುಭಾಷ್‌ಚಂದ್ರ ಬೋಸ್ ಹೆಸರಿನಲ್ಲಿ ಆಪದಾ ಪ್ರಬಂಧನ (ಅಂದರೆ ವಿಪತ್ತು ನಿರ್ವಹಣೆ) ಪುರಸ್ಕಾರ ಅಂತ ಒಂದನ್ನು ಕೊಡುತ್ತದೆ. ಜನವರಿ 23ರಂದು, ನೇತಾಜಿ ಹುಟ್ಟಿದ ದಿನ, ಹೆಸರು ಪ್ರಕಟವಾಗುತ್ತದೆ. ಸಂಸ್ಥೆಗಾದರೆ 51 ಲಕ್ಷ, ವ್ಯಕ್ತಿಗಾದರೆ 5 ಲಕ್ಷ ರೂಪಾಯಿ. ಸಂಸ್ಥೆ ಆ ದುಡ್ಡನ್ನು ವಿಪತ್ತು ನಿರ್ವಹಣೆಯ ಕೆಲಸಕ್ಕೇ ಬಳಸಬೇಕು.

ನಿಮ್ಮ ತಂದೆಯವರಿಗೆ ಓದಿ ಹೇಳಬೇಕಾದ್ದು 2023ರ ಸಂಗತಿ. ಆ ವರ್ಷ ಈ ಪುರಸ್ಕಾರ ಇಬ್ಬರಿಗೆ ಬಂತು. ಒಂದು, ಒಡಿಶಾದ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ. ಇನ್ನೊಂದು, ಮಿಜೋರಾಂನ ಲುಂಗ್ಲೈ ಎಂಬ ಊರಿನ ಅಗ್ನಿಶಾಮಕ ಠಾಣೆಗೆ. ಹೌದು, ಒಂದು ಠಾಣೆಗೆ! 2021ರ ಏಪ್ರಿಲ್‌ನಲ್ಲಿ ಊರಿನ ಸುತ್ತಲ ಕಾಡಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಗ್ರಾಮ ಮಂಡಳಿಗಳ ವ್ಯಾಪ್ತಿಗೆ ಹಬ್ಬಿತ್ತು. ಠಾಣೆಯವರು 32 ಗಂಟೆಗೂ ಜಾಸ್ತಿ ಹೊತ್ತು ಬಿಡದೆ ನಿಂತರು. ಊರವರನ್ನೂ ಜೊತೆಗೆ ಸೇರಿಸಿಕೊಂಡು, ಬೆಂಕಿ ಆರಿಸೋದನ್ನು ಅಲ್ಲೇ ಹೇಳಿಕೊಟ್ಟರು. ಯಾರ ಜೀವವೂ ಹೋಗಲಿಲ್ಲ.

ಅದರ ಜೊತೆಗೆ ಪ್ರಶಸ್ತಿ ಪಡೆದ ಒಡಿಶಾದ ಕಥೆ ಇನ್ನೂ ದೊಡ್ಡದು. 1999ರ ಅಕ್ಟೋಬರ್ 29ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10 ಸಾವಿರ ಜನ ಸತ್ತರು. ಎರಡೇ ತಿಂಗಳಲ್ಲಿ ಈ ಪ್ರಾಧಿಕಾರ ಹುಟ್ಟಿತು. ಕರಾವಳಿ ಉದ್ದಕ್ಕೂ ಆಶ್ರಯ ಕಟ್ಟಡ ಎದ್ದವು. ಸೈರನ್ ಬಂತು, ಅಣಕು ಕಾರ್ಯಾಚರಣೆ ಅಭ್ಯಾಸವಾಯಿತು. 2019ರ ಮೇ 3ಕ್ಕೆ ಫನಿ ಚಂಡಮಾರುತ ಬರುವ ಹೊತ್ತಿಗೆ ಸುಮಾರು 12 ಲಕ್ಷ ಜನರನ್ನು ಮನೆಯಿಂದ ಎಬ್ಬಿಸಿ ಸಾಗಿಸಿದ್ದರು. 64 ಜನ ಸತ್ತರು. ಅದೂ ಕಡಿಮೆಯೇನಲ್ಲ. ಆದರೆ ಇಪ್ಪತ್ತು ವರ್ಷದ ಹಿಂದಿನ ಲೆಕ್ಕದ ಪಕ್ಕ ಇಟ್ಟು ನೋಡಿ.

ಆಗ ಹವಾಮಾನ ಇಲಾಖೆಯಲ್ಲಿ ಚಂಡಮಾರುತದ ದಾರಿ ಲೆಕ್ಕ ಹಾಕಿದ ಮೃತ್ಯುಂಜಯ ಮಹಾಪಾತ್ರ ಅವರ ಹೆಸರಾದರೂ ಜನಕ್ಕೆ ಗೊತ್ತು. ‘ಸೈಕ್ಲೋನ್ ಮ್ಯಾನ್’ ಅಂತಲೇ ಕರೆಯುತ್ತಾರೆ. ಸಂತೋಷ. ಆದರೆ ಮುನ್ಸೂಚನೆ ತಾನಾಗಿ ಯಾರನ್ನೂ ಮನೆಯಿಂದ ಹೊರಗೆ ಕರೆತರುವುದಿಲ್ಲ. “ಎಮ್ಮೆ ಬಿಟ್ಟು ಬರಲ್ಲ” ಅಂತ ಬಾಗಿಲಲ್ಲಿ ಕೂತ ಅಜ್ಜಿಯನ್ನು ಒಪ್ಪಿಸಬೇಕು. ಅದಕ್ಕೆ ಆ ಊರಿನಲ್ಲಿ ಹತ್ತು ವರ್ಷದಿಂದ ಮುಖ ಪರಿಚಯ ಇರುವವರು ಬೇಕು.

ನನ್ನ ತಕರಾರು ಇಲ್ಲಿಂದ ಶುರು. ಈ ಕೆಲಸವನ್ನು ಒಂದು ವೃತ್ತಿ ಅಂತ ನಾವು ಇನ್ನೂ ಒಪ್ಪಿಲ್ಲ. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂತು, ಮರುವರ್ಷ ಎನ್‌ಡಿಆರ್‌ಎಫ್ ಬಂತು. ಆದರೆ ಅಲ್ಲಿರುವ ಜವಾನರು ಬೇರೆ ಬೇರೆ ಕೇಂದ್ರ ಪಡೆಗಳಿಂದ ನಿಯೋಜನೆ ಮೇಲೆ ಬಂದವರು. ಅವಧಿ ಮುಗಿದರೆ ವಾಪಸ್. ಕುಸಿದ ಕಟ್ಟಡದ ಒಳಗೆ ಕಿವಿಗೊಟ್ಟು ಉಸಿರು ಕೇಳಿಸಿಕೊಳ್ಳಲು ಕಲಿತವನು ಮತ್ತೆ ಎಲ್ಲೋ ಗೇಟು ಕಾಯಬೇಕಾದೀತು. ಜಿಲ್ಲೆಗಳಲ್ಲಂತೂ ಈ ಹೊಣೆ ಕಂದಾಯದವರ ಹತ್ತು ಕೆಲಸದ ಜೊತೆಗೆ ಹನ್ನೊಂದನೆಯದು. ಒಂದು ಮಳೆಗಾಲ ಕಂಡು, ಯಾವ ಸೇತುವೆ ಮೊದಲು ಮುಳುಗುತ್ತದೆ ಅಂತ ತಿಳಿಯುವಷ್ಟರಲ್ಲಿ ಸಾಹೇಬರಿಗೆ ವರ್ಗ. ಇಂಥವರ ಎದೆಗೆ ಪದಕ ಹಾಕಿ ಬೇರೆ ಊರಿಗೆ ಕಳಿಸಿದರೆ ಇಲ್ಲಿನವರಿಗೆ ಏನು ಸಿಕ್ಕಿತು? ಹಾಗಾಗಿ ಪದಕಕ್ಕಿಂತ ಮೊದಲು ನನಗೆ ಬೇಕಾದ್ದು, ಅವರು ಕಲಿತದ್ದು ಎಲ್ಲಾದರೂ ದಾಖಲಾಗಬೇಕು. ಹೆಸರಿನ ಸಮೇತ.

ನಮ್ಮಲ್ಲಿ ಒಳ್ಳೆಯ ಮಾದರಿ ಇಲ್ಲ ಅಂತಲ್ಲ. ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನೇ ನೋಡಿ. 1988ರಲ್ಲಿ ಬರ ಗಮನಿಸುವ ಸಣ್ಣ ಘಟಕವಾಗಿ ಶುರುವಾದದ್ದು. ಈಗ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳಿವೆ, 15 ನಿಮಿಷಕ್ಕೊಮ್ಮೆ ಮಾಹಿತಿ ಬರುತ್ತದೆ. ಅಲ್ಲಿನ ಸಹಾಯವಾಣಿ ‘ವರುಣ ಮಿತ್ರ’ಕ್ಕೆ ನಡುರಾತ್ರಿ ರೈತ ಫೋನ್ ಮಾಡಿ “ರಾಗಿ ಕಣದಲ್ಲಿದೆ, ಮಳೆ ಬರುತ್ತಾ?” ಅಂದರೆ ಯಾರೋ ಒಬ್ಬರು ಎತ್ತಿ ಉತ್ತರ ಹೇಳುತ್ತಾರೆ. ಆ ಯಾರೋ ಒಬ್ಬರ ಬಗ್ಗೆಯೂ ನಾವು ಬರೆದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಬಹಳ ಹಿಡಿಸಿದ್ದು ತಂದೆಯವರ ನೋಟ್‌ಬುಕ್ಕಿನ ವಿಷಯ. ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದೀರಿ. ಹೋದ ಕರೆಗಳನ್ನೆಲ್ಲ ಬರೆದಿಟ್ಟಿದ್ದಾರೆ, ಅರ್ಧಕ್ಕರ್ಧ ಬರೀ ಹುಲ್ಲಿನ ಬಣವೆ, ಬಾವಿಗೆ ಬಿದ್ದ ಹಸು ಅಂದಿರಿ. ಅದರಲ್ಲೇನಿದೆ ವಿಶೇಷ ಅನ್ನುವ ಧಾಟಿ ಇತ್ತು. ನಾನು ಒಪ್ಪಲ್ಲ. ಅಗ್ನಿಶಾಮಕ ವಾಹನದಲ್ಲಿ ಸುಮಾರು 4,500 ಲೀಟರ್ ನೀರು. ಪೂರ್ತಿ ಬಿಟ್ಟರೆ ಕೆಲವೇ ನಿಮಿಷಕ್ಕೆ ಖಾಲಿ. ಬಯಲುಸೀಮೆಯಲ್ಲಿ, ಮಾರ್ಚ್ ತಿಂಗಳಲ್ಲಿ, ಮತ್ತೆ ತುಂಬಿಸಿಕೊಳ್ಳಲು ಯಾವ ಕೆರೆಯಲ್ಲಿ ನೀರಿದೆ, ಯಾರ ಬೋರ್‌ವೆಲ್ ಕೇಳಬಹುದು ಅಂತ ತಿಳಿದವರು ಎಷ್ಟು ಜನ? ಆ ನೋಟ್‌ಬುಕ್ಕಿನಲ್ಲಿ ಅದೆಲ್ಲ ಇರಬೇಕು. ಒಂದು ಬಣವೆ ಅಂದರೆ ಒಂದು ಮನೆಯ ದನಗಳ ವರ್ಷದ ಮೇವು, ಅದು ನಿಮಗೆ ಗೊತ್ತಿಲ್ಲದ್ದಲ್ಲ.

ಏಪ್ರಿಲ್ 14 ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬೈ ಬಂದರಿನಲ್ಲಿ ಹಡಗು ಸಿಡಿದು 66 ಮಂದಿ ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರ ನೆನಪಿಗೆ ಇಡೀ ವಾರ ಆಚರಣೆ ನಡೆಯುತ್ತದೆ. ಸತ್ತವರನ್ನು ನೆನೆಯೋಣ, ಅದು ಬೇಕೇ ಬೇಕು. ನಮ್ಮ ಏಪ್ರಿಲ್ ಸಂಚಿಕೆಯಲ್ಲಿ ಬದುಕಿರುವವರೂ ಬರಲಿ ಅಂತ ಆಸೆ. ‘ಸಾಧಕರು’ ಪುಟ ಆ ತಿಂಗಳು ನಿಮ್ಮ ತಂದೆಯವರಿಗೆ. ಅವರು ಒಪ್ಪಿದರೆ ನೋಟ್‌ಬುಕ್ಕಿನ ಎರಡು ಪುಟವನ್ನು ಇದ್ದ ಹಾಗೇ ಅಚ್ಚು ಹಾಕುತ್ತೇವೆ. ಅಕ್ಷರ ಚೆನ್ನಾಗಿಲ್ಲ ಅಂತ ಅವರು ಹಿಂಜರಿದರೆ, ನನ್ನ ಅಕ್ಷರ ಅದಕ್ಕಿಂತ ಕೆಟ್ಟದ್ದು ಅಂತ ಹೇಳಿ.

ಸಮವಸ್ತ್ರದಲ್ಲಿರುವ ಒಂದು ಫೋಟೊ ಕಳಿಸಿ. ಜೊತೆಗೆ ಒಂದು ಚೀಟಿಯಲ್ಲಿ ಅವರ ಹೆಸರನ್ನು ಅವರ ಕೈಯಲ್ಲೇ, ಸಹಿ ಮಾಡುವ ಹಾಗೆ, ಇನಿಷಿಯಲ್ ಸಮೇತ ಬರೆಸಿ ಕಳಿಸಿ.

– ಸಂಪಾದಕ