ಮುಂಬೈಲಿ ಶಾರ್ಟ್ ಫಿಲ್ಮ್ ಮಾಡ್ಬೇಕು, ಕೈಲಿ 80 ಸಾವಿರ ಇದೆ, ಯಾವ ಕ್ಯಾಮೆರಾ ತಗೊಳ್ಲಿ?

ಪೂರ್ತಿ 80 ಸಾವಿರ ಕ್ಯಾಮೆರಾಗೇ ಸುರೀಬೇಡಿ. ಮೂರ್ನಾಲ್ಕು ದಿನದ ಶೂಟ್ ಆದ್ರೆ ಅಂಧೇರಿ ಕಡೆ ಬಾಡಿಗೆಗೆ ಒಳ್ಳೆ ಕ್ಯಾಮೆರಾ ಸಿಗುತ್ತೆ. ಸೆಕೆಂಡ್ ಹ್ಯಾಂಡ್ ಕೊಳ್ಳೋದೇ ಆದ್ರೆ 10 ಬಿಟ್ ರೆಕಾರ್ಡ್ ಮಾಡೋದನ್ನೇ ನೋಡಿ, ಅದ್ರಲ್ಲಿ ಬಣ್ಣದ ಛಾಯೆಗಳು ಜಾಸ್ತಿ ಇರುತ್ವೆ; 8 ಬಿಟ್‌ನಲ್ಲಿ ತೆಗೆದು ಎಡಿಟಿಂಗ್‌ನಲ್ಲಿ ಕಲರ್ ಜಾಸ್ತಿ ಬದಲಾಯಿಸಿದ್ರೆ ಸಂಜೆ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುತ್ತೆ.

ಅದಕ್ಕಿಂತ ಮುಖ್ಯ ಶಟರ್, ಅಂದ್ರೆ ಒಂದೊಂದು ಫ್ರೇಮ್‌ಗೆ ಬೆಳಕು ಬೀಳೋ ಹೊತ್ತು. ನಮ್ಮ ದೇಶದ ಕರೆಂಟು 50 ಹರ್ಟ್ಜ್, ಟ್ಯೂಬ್‌ಲೈಟ್ ಅದಕ್ಕೆ ತಕ್ಕ ಹಾಗೆ ಮಿಣುಕುತ್ತೆ, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ಮಾಟುಂಗಾದ ಒಂದು ಉಡುಪಿ ಹೋಟೆಲ್‌ನಲ್ಲಿ ನಾನು 1/60 ಇಟ್ಟು ತೆಗೆದಿದ್ದೆ, ಮಾಲೀಕರು ಕುಂದಾಪುರದವರು, ಪಾಪ ರಾತ್ರಿ ಬಾಗಿಲು ಹಾಕಿದ್ಮೇಲೆ ಜಾಗ ಬಿಟ್ಟುಕೊಟ್ಟಿದ್ರು, ಮನೆಗೆ ಬಂದು ನೋಡಿದ್ರೆ ಕಾಫಿ ಲೋಟದ ಹಿಂದಿನ ಗೋಡೆ ಮೇಲೆ ಟ್ಯೂಬ್‌ಲೈಟ್ ಬೆಳಕು ಅಲೆ ಅಲೆಯಾಗಿ ಮಿಣುಕ್ತಾ ಇತ್ತು, ಇಡೀ ಸೀನ್ ಮತ್ತೆ ತೆಗೀಬೇಕಾಯ್ತು.

ಬಿಸಿಲಲ್ಲಿ ಅದೇ 1/50 ಇಟ್ಟು ಅಪರ್ಚರ್, ಅಂದ್ರೆ ಲೆನ್ಸ್ ಒಳಗಿನ ಬೆಳಕಿನ ಕಿಂಡಿ, ತೆರೆದ್ರೆ ಎಲ್ಲಾ ಬೆಳ್ಳಗಾಗಿಬಿಡುತ್ತೆ, ಬೆಳಕು ಕಡಿಮೆ ಮಾಡೋ ಎನ್‌ಡಿ ಫಿಲ್ಟರ್ ಬೇಕೇ ಬೇಕು. ಮೈಕ್‌ಗೂ ದುಡ್ಡು ತೆಗೆದಿಡಿ, ಈ ಊರಿನ ಹಾರ್ನ್ ಗಲಾಟೇಲಿ ಕ್ಯಾಮೆರಾ ಮೈಕ್ ನಂಬೋ ಹಾಗಿಲ್ಲ, ಬಟ್ಟೆಗೆ ಸಿಕ್ಕಿಸೋ ಕಾಲರ್ ಮೈಕ್ ಸಾಕು. ಮಳೆಗಾಲದಲ್ಲಿ ಲೆನ್ಸ್‌ಗಳ್ನ ಸಿಲಿಕಾ ಜೆಲ್ ಹಾಕಿ ಬಿಗಿ ಮುಚ್ಚಳದ ಡಬ್ಬೀಲಿ ಇಡಿ, ಇಲ್ಲಿನ ತೇವಕ್ಕೆ ಫಂಗಸ್ ಬೇಗ ಹಿಡಿಯುತ್ತೆ.