ಆಪರೇಷನ್‌ಗೆ ಮೊದಲು ಹಲ್ಲಿನ ಡಾಕ್ಟರ್ ಯಾಕೆ?

ಪ್ರಶ್ನೆ: ಅಪ್ಪನಿಗೆ 58 ವರ್ಷ. ಬಲಗೆನ್ನೆಯ ಒಳಗಿನ ಹುಣ್ಣು ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದಿದೆ. ಬಹಳ ವರ್ಷ ಗುಟ್ಕಾ ಹಾಕಿದವರು. ಹುಬ್ಬಳ್ಳಿಯಲ್ಲಿ ಆಪರೇಷನ್ ಬೇಕು ಎಂದರು. ಆದರೆ ತಾರೀಖು ಕೊಡದೆ, ‘ಟ್ಯೂಮರ್ ಬೋರ್ಡ್ ಮುಂದೆ ಇಡಬೇಕು’ ಎಂದು ಹೇಳಿ ಹಲ್ಲಿನ ಡಾಕ್ಟರ್, ಡಯಟಿಷಿಯನ್, ಫಿಸಿಯೋಥೆರಪಿಸ್ಟ್ ಕಡೆ ಕಳಿಸುತ್ತಿದ್ದಾರೆ. ಮೂರು ಸಲ ಓಡಾಡಿದೆವು. ರೋಗ ಬೆಳೆಯುತ್ತಿರುವಾಗ ಇದೆಲ್ಲ ಬೇಕೇ?
– ರಾಣೆಬೆನ್ನೂರು ತಾಲ್ಲೂಕಿನ ಓದುಗರು

ಉತ್ತರ: ಬೇಕು. ಬೇಡವಾಗಿದ್ದದ್ದು ಆ ಮೂರು ಓಡಾಟ ಮಾತ್ರ. ಎಲ್ಲರನ್ನೂ ಒಂದೇ ದಿನ ತೋರಿಸಲು ವ್ಯವಸ್ಥೆ ಮಾಡಿ ಎಂದು ಸಂಕೋಚವಿಲ್ಲದೆ ಕೇಳಿ.

ಟ್ಯೂಮರ್ ಬೋರ್ಡ್ ಎಂದರೆ ಸರ್ಜನ್, ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡುವ ರೇಡಿಯೇಷನ್ ತಜ್ಞರು, ಕಿಮೋ ತಜ್ಞರು, ಸ್ಕ್ಯಾನ್ ಓದುವವರು, ಬಯಾಪ್ಸಿ ಓದುವವರು ಒಬ್ಬ ರೋಗಿಯ ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ಒಟ್ಟಿಗೆ ಕೂರುವ ಸಭೆ. ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ (5 ಮಿ.ಮೀ. ದಾಟಿದರೆ ಹಂತ ಏರುತ್ತದೆ), ದವಡೆಯ ಎಲುಬಿಗೆ ತಾಗಿದೆಯೇ, ಕುತ್ತಿಗೆಯ ಗ್ರಂಥಿಗಳಿಗೆ ಹರಡಿದೆಯೇ ಎಂಬುದನ್ನು ಅಲ್ಲಿ ನೋಡುತ್ತಾರೆ. ಎಲುಬು ತೆಗೆಯಬೇಕಾದರೆ ಬೇರೆ ಕಡೆಯ ಮಾಂಸ, ಚರ್ಮ ತಂದು ಕೂಡಿಸಬೇಕು. ಆಗ ಪ್ಲಾಸ್ಟಿಕ್ ಸರ್ಜನ್ ಅದೇ ದಿನ ಆಪರೇಷನ್ ಕೋಣೆಯಲ್ಲಿ ಇರಬೇಕು. ಕೆನ್ನೆ ಕೊಯ್ದ ಮೇಲೆ ಯೋಚಿಸುವ ಮಾತಲ್ಲ ಇದು.

ಈಗ ಹಲ್ಲಿನ ವಿಷಯ. ಇಲ್ಲಿಯೇ ಬಹಳ ಮನೆಯವರು ‘ಇದೆಂಥ ಸಣ್ಣ ಕೆಲಸ’ ಎಂದು ಬಿಟ್ಟುಬಿಡುತ್ತಾರೆ. ಕರೆಂಟ್ ಬಿದ್ದ ದವಡೆಯಲ್ಲಿ ರಕ್ತ ಸಂಚಾರ ಕಡಿಮೆಯಾಗುತ್ತದೆ, ಜೊಲ್ಲು ಒಣಗುತ್ತದೆ, ಹಲ್ಲು ಬೇಗ ಹುಳುಕಾಗುತ್ತದೆ. ಆಮೇಲೆ ಆ ಹಲ್ಲು ಕಿತ್ತರೆ ಗಾಯ ಮಾಯದೆ ಎಲುಬೇ ಸಾಯಬಹುದು. ಅದಕ್ಕೇ ಉಳಿಸಲಾಗದ ಹಲ್ಲುಗಳನ್ನು ಕರೆಂಟ್ ಶುರುವಾಗುವ 10ರಿಂದ 14 ದಿನ ಮೊದಲೇ ತೆಗೆಯಬೇಕು. ಗೆಡ್ಡೆ ತೆಗೆಯುವ ಅರಿವಳಿಕೆಯಲ್ಲೇ ಹಲ್ಲನ್ನೂ ತೆಗೆದರೆ ಎರಡು ನೋವು ಒಂದಾಗುತ್ತದೆ. ಆಪರೇಷನ್ ನಂತರ ಕರೆಂಟ್ ಬೇಕಾದರೆ ಅದು 6 ವಾರದೊಳಗೆ ಶುರುವಾಗಬೇಕು. ಆಪರೇಷನ್ ಮುಗಿದ ಮೇಲೆ ಹಲ್ಲು ನೆನಪಾದರೆ, ಹಲ್ಲು ಕೀಳಿಸಿ ಗಾಯ ಮಾಯುವುದರಲ್ಲೇ ಎರಡು ವಾರ ಹೋಗುತ್ತದೆ. ಯಾವುದರ ಹಿಂದೆ ಯಾವುದು ಎಂದು ಸಾಲು ಹಿಡಿಸುವುದೇ ತಂಡದ ದೊಡ್ಡ ಕೆಲಸ.

ಊಟದ್ದೂ ಇದೇ ಲೆಕ್ಕ. ತೂಕ ಇಳಿದವರ ಹೊಲಿಗೆ ಬೇಗ ಕೂಡುವುದಿಲ್ಲ. ಹೊಲಿಗೆ ಕೂಡದಿದ್ದರೆ ಕರೆಂಟ್ ಮುಂದೆ ಹೋಗುತ್ತದೆ. ಆರು ತಿಂಗಳಲ್ಲಿ ತೂಕದ ಹತ್ತನೇ ಒಂದು ಭಾಗ ಇಳಿದಿದ್ದರೆ ಮೊದಲ ಭೇಟಿಯಲ್ಲೇ ಹೇಳಿ. 50 ಕೆ.ಜಿ. ತೂಕದವರಿಗೆ ದಿನಕ್ಕೆ 1250ರಿಂದ 1500 ಕ್ಯಾಲರಿ, 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಬರೀ ಗಂಜಿ, ತೆಳು ಅಂಬಲಿಯಿಂದ ಇದು ಆಗದು. ಹಾಲು, ಮೊಟ್ಟೆ, ಬೇಳೆ, ನುಣ್ಣಗೆ ಅರೆದ ಶೇಂಗಾ ಸೇರಬೇಕು. ಬಾಯಿಂದ ಉಣ್ಣಲಾಗದೆ ಊಟಕ್ಕೆ ಮೂಗಿನ ನಳಿಕೆ ಹಾಕಿದರೆ ದ್ರವ ಆಹಾರ ಒಂದು ಸಲಕ್ಕೆ 200ರಿಂದ 250 ಮಿ.ಲೀ., ಸೋಸಿದ್ದು, 15–20 ನಿಮಿಷದಲ್ಲಿ ನಿಧಾನ. ತಲೆದಿಂಬು ಎತ್ತರವಿರಲಿ, ಕೊಟ್ಟ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಮೊದಲು, ಆಮೇಲೆ 30 ಮಿ.ಲೀ. ನೀರು ಬಿಡದಿದ್ದರೆ ನಳಿಕೆ ಕಟ್ಟುತ್ತದೆ. ಮೂಗಿನ ಹತ್ತಿರದ ಗುರುತು ಸರಿದಿದ್ದರೆ ಏನನ್ನೂ ಬಿಡದೆ ನರ್ಸ್‌ಗೆ ಫೋನ್ ಮಾಡಿ. ನಳಿಕೆ ಶ್ವಾಸನಾಳದ ಕಡೆ ಸರಿದಿರಬಹುದು.

ಗುಟ್ಕಾ ಹಾಕಿದವರ ಬಾಯಿ ಮೊದಲೇ ಬಿಗಿದಿರಬಹುದು. ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ 35 ಮಿ.ಮೀ.ಗಿಂತ ಕಡಿಮೆ ತೆರೆದರೆ ಬಿಗಿತ ಎಂದೇ ಲೆಕ್ಕ. ಫಿಸಿಯೋಥೆರಪಿಸ್ಟ್ ಈಗ ಅಳೆದು ಬರೆದಿಡುತ್ತಾರೆ. ಆಪರೇಷನ್ ಗಾಯ ಮಾಗಿದೆ ಎಂದು ಸರ್ಜನ್ ಹೇಳಿದ ಮೇಲೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ಸೇರಿಸಿ, ದಿನಕ್ಕೆ ಹಲವು ಸಲ ಬಾಯಿ ತೆರೆಯುವ ಅಭ್ಯಾಸ ಕಲಿಸುತ್ತಾರೆ. ಕುತ್ತಿಗೆಯ ಗ್ರಂಥಿ ತೆಗೆದವರಿಗೆ ಭುಜ ಮೇಲೇಳದಂತಾಗಬಹುದು, ಅದಕ್ಕೂ ವ್ಯಾಯಾಮ ಇದೆ. ಗುಟ್ಕಾ, ತಂಬಾಕು ಮಾತ್ರ ಇವತ್ತೇ ನಿಲ್ಲಬೇಕು. ಬಿಡಲು ನೆರವು ಬೇಕಾದರೆ 1800-11-2356ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಸಭೆಗೆ ಮೊದಲು ಬಯಾಪ್ಸಿ ವರದಿಯ ಜೊತೆ ಅದರ ಬ್ಲಾಕ್ (ತೆಗೆದ ತುಣುಕನ್ನು ಮೇಣದಲ್ಲಿ ಇಟ್ಟದ್ದು) ಮತ್ತು ಸ್ಲೈಡ್ (ಅದರ ತೆಳು ಪದರ ಅಂಟಿಸಿದ ಗಾಜು), ಸ್ಕ್ಯಾನ್‌ನ ಸಿ.ಡಿ., ನಡೆಯುತ್ತಿರುವ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಬರೀ ವರದಿಯ ಕಾಗದ ತಂದು, ಸ್ಲೈಡ್‌ಗಾಗಿ ಊರಿಗೆ ವಾಪಸ್ ಹೋದವರು ಒಂದು ವಾರ ಕಳೆದುಕೊಳ್ಳುತ್ತಾರೆ. ರೇಷನ್ ಕಾರ್ಡ್, ಆಧಾರ್ ತೋರಿಸಿ ಆರೋಗ್ಯ ಮಿತ್ರರನ್ನು (ಸರ್ಕಾರಿ ಯೋಜನೆಗೆ ನೆರವಾಗುವ ಆಸ್ಪತ್ರೆಯ ಸಿಬ್ಬಂದಿ) ಆ ದಿನವೇ ಕಾಣಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ; ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಅವರನ್ನೇ ಕೇಳಿ. ಹೊರಡುವ ಮೊದಲು ತೀರ್ಮಾನವನ್ನು ಬರೆಸಿಕೊಳ್ಳಿ: ಆಪರೇಷನ್ ಎಂದು, ಕರೆಂಟ್ ಬರಬಹುದೇ, ಅಡಚಣೆ ಬಂದರೆ ಫೋನ್ ಎತ್ತುವ ಒಬ್ಬರು ಯಾರು.

ಪ್ರಶ್ನೆ: ಅವ್ವನಿಗೆ ಹುಬ್ಬಳ್ಳಿಯ ನವನಗರದಲ್ಲಿ ಬಾಯಿಗೆ ಕರೆಂಟ್ ನಡೆದಿದೆ. 30 ಸಲದಲ್ಲಿ 19 ಆಗಿದೆ. ಬಾಯೆಲ್ಲ ಹುಣ್ಣು, ನೀರೂ ಇಳಿಯದು. ಊರ ಜಾತ್ರೆಯೂ ಬಂತು. ಹತ್ತು ದಿನ ಬಿಟ್ಟು ಉಳಿದದ್ದು ಮುಗಿಸಬಹುದೇ?
– ಗದಗ

ಉತ್ತರ: ದಯವಿಟ್ಟು ಬಿಡಬೇಡಿ. ನಡುವೆ ಬಿಟ್ಟ ದಿನಗಳಲ್ಲಿ ಉಳಿದ ಕ್ಯಾನ್ಸರ್ ಕಣಗಳು ಮತ್ತೆ ವೇಗವಾಗಿ ಬೆಳೆಯುತ್ತವೆ. ಚಿಕಿತ್ಸೆ ಒಂದೊಂದು ದಿನ ಉದ್ದವಾದಂತೆ ರೋಗ ಹಿಡಿತಕ್ಕೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಕುಸಿಯುತ್ತದೆ. ಮೂರನೆಯ, ನಾಲ್ಕನೆಯ ವಾರದ ಹುಣ್ಣು ನಿರೀಕ್ಷಿತವೇ. ತಂಡ ಇರುವುದೇ ಈ ವಾರಗಳನ್ನು ದಾಟಿಸಲು.

ಒಂದು ಗ್ಲಾಸ್ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ಆರು ಸಲವಾದರೂ ಮುಕ್ಕಳಿಸಲಿ. ಅಂಗಡಿಯ ಖಾರ ಮೌತ್‌ವಾಶ್ ಬೇಡ. ನೋವಿನ ಔಷಧಿ ಊಟಕ್ಕೆ ಅರ್ಧ ಗಂಟೆ ಮೊದಲು ಕೊಡಿ. ಡಾಕ್ಟರ್ ಮಾರ್ಫಿನ್ ಬರೆದರೆ ಹೆದರಬೇಡಿ. ಅದು ಕೊನೆಗಾಲದ ಔಷಧಿಯಲ್ಲ, ನೋವಿನ ಔಷಧಿ. ಮಲಬದ್ಧತೆಯ ಔಷಧಿಯನ್ನು ಜೊತೆಗೇ ಶುರು ಮಾಡಬೇಕು, ಆಮೇಲಲ್ಲ. ನೀರೂ ಇಳಿಯುತ್ತಿಲ್ಲ ಎಂದರೆ ನಾಳೆಯವರೆಗೂ ಕಾಯದೆ ಇವತ್ತೇ ಡಾಕ್ಟರ್ ಜೊತೆ ಮೂಗಿನ ನಳಿಕೆಯ ಮಾತು ಆಡಿ.

ಓಡಾಟಕ್ಕೆ ರೈಲ್ವೆ ರಿಯಾಯಿತಿ ಇದೆ. ಆಸ್ಪತ್ರೆಯ ನಿಗದಿತ ಪ್ರಮಾಣಪತ್ರ ಇದ್ದರೆ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ, ಜೊತೆಯವರೊಬ್ಬರಿಗೆ ಶೇ. 75 ರಿಯಾಯಿತಿ. ಎರಡನೇ ದರ್ಜೆಯಲ್ಲಿ ಇಬ್ಬರಿಗೂ ಶೇ. 75. ಉಳಿಯಲು ಜಾಗ ಬೇಕಿದ್ದರೆ ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಕೇಳಿ.

ಪ್ರಶ್ನೆ: ಕಾಯಿಲೆಯ ಹೆಸರು ಅತ್ತೆಗೆ ಹೇಳಬಾರದು ಎಂದು ಮನೆಯವರ ಒತ್ತಾಯ. ಡಾಕ್ಟರ್ ಒಪ್ಪುತ್ತಿಲ್ಲ.
– ಧಾರವಾಡ

ಉತ್ತರ: ಡಾಕ್ಟರ್ ಹೇಳುವುದು ಸರಿ. ಆಪರೇಷನ್‌ಗೆ, ಕಿಮೋಗೆ ಸಹಿ ಹಾಕಬೇಕಾದವರು ಅತ್ತೆ. ಕಿಮೋ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವರ ಬಾಯಿಂದ ತಿಳಿದರೆ ಮನೆಯವರ ಮೇಲಿನ ನಂಬಿಕೆಯೂ ಹೋಗುತ್ತದೆ. ಎಲ್ಲವನ್ನೂ ಒಂದೇ ಸಲ ಹೇಳಬೇಕಿಲ್ಲ. ‘ನಿಮಗೆ ಏನು ಅನಿಸ್ತದ? ಎಷ್ಟು ತಿಳಿಕೋಬೇಕು ಅಂತೀರಿ?’ ಎಂದು ಕೌನ್ಸೆಲರ್ ಮೊದಲು ಕೇಳುತ್ತಾರೆ, ಅವರು ಕೇಳಿದಷ್ಟಕ್ಕೆ ಉತ್ತರ ಕೊಡುತ್ತಾರೆ. ಆಗ ಮನೆಯವರಲ್ಲಿ ಒಬ್ಬರು ಪಕ್ಕದಲ್ಲಿ ಕೂತಿರಿ. ಅಂದು ರಾತ್ರಿ ಅವರಿಗೋ ನಿಮಗೋ ನಿದ್ದೆ ಬರದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416 ಇಡೀ ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.